ಪುಷ್ಪಕ ಇಳಿದ ಸೀಮೆಯಲ್ಲಿ ಫ್ಲೋರೈಡ್ ನೀರು: ಮುಂದೆ ಹೋಗಿದ್ದು ನಾವಾ, ನಮ್ಮ ಸಾಮಾನಾ?

ದುರ್ಗದ ಮೇಷ್ಟ್ರು, ಚಳ್ಳಕೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಪುರುಸೊತ್ತು ಇದ್ದಾಗ ಓದಿ.

2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯಿರುವ ಒಂದು ವಾಹನವನ್ನು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಒಳಗೆ ಪೈಲಟ್ ಇಲ್ಲ. ಅದು ತಾನೇ ದಾರಿ ಹಿಡಿದು ರನ್‌ವೇಗೆ ಬಂದು ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೆರಡು ಸಲ ಇದೇ ಪರೀಕ್ಷೆ ಆಯಿತು. ಮೂರನೇ ಸಲ ಗಾಳಿ ಜೋರಾಗಿತ್ತು, ನೆಲ ಮುಟ್ಟುವಾಗ ವೇಗ ಗಂಟೆಗೆ 320 ಕಿಲೋಮೀಟರ್ ದಾಟಿತ್ತು. ಅದೇ ಇಸ್ರೋದ ಪುಷ್ಪಕ, ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನದ ಮಾದರಿ. ಇದೆಲ್ಲ ನಡೆದದ್ದು ನಮ್ಮ ನಾಯಕನಹಟ್ಟಿ ಪಕ್ಕದ ಕಾವಲಿನಲ್ಲಿ, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲಿನಲ್ಲಿ.

ಅದೇ ತಾಲ್ಲೂಕಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಪುಷ್ಪಕದ ಚಿತ್ರ ತೋರಿಸಿದರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಆದರೆ ನಗುವಾಗ ಕೆಲವರು ಬಾಯಿಗೆ ಕೈ ಅಡ್ಡ ಇಡುತ್ತಾರೆ. ಹಲ್ಲಿನ ಮೇಲೆ ಕಂದು ಗೆರೆ. ನೀರಿನ ಫ್ಲೋರೈಡ್.

ಇದು ಹೇಗಾಯಿತು ನೋಡಿ. ನಮ್ಮ ನೆಲದ ಕೆಳಗಿರುವುದು ಗಟ್ಟಿ ಕಲ್ಲು. ಆ ಕಲ್ಲಿನ ಖನಿಜದಲ್ಲಿ ಫ್ಲೋರೈಡ್ ಇದೆ. ನೀರು ಕಲ್ಲಿನ ಬಿರುಕಲ್ಲಿ ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಜಾಸ್ತಿ ಕರಗಿಸಿಕೊಳ್ಳುತ್ತದೆ. ಹಿಂದೆ ನಮ್ಮವರು ಕುಡಿದದ್ದು ಕೆರೆ ನೀರು, ಸೇದೋ ಬಾವಿ ನೀರು. ಮೇಲಿನ ನೀರು, ಮಳೆ ನೀರು. ಆಮೇಲೆ ರಿಗ್ ಲಾರಿ ಬಂತು. ಈಗ ಬೋರ್‌ಗಳು ಸಾವಿರ ಅಡಿ ಹತ್ತಿರ ಹೋಗಿವೆ. ಅಲ್ಲಿಂದ ಎತ್ತುವುದು ಬಹಳ ಕಾಲ ಕಲ್ಲೊಳಗೆ ಕೂತ ಹಳೆಯ ನೀರು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದು ಮೀರಿದರೆ ಬೆಳೆಯುವ ಮಕ್ಕಳ ಹಲ್ಲು ಕೆಡುತ್ತದೆ, ಆ ಕಲೆ ಉಜ್ಜಿದರೆ ಹೋಗುವುದಿಲ್ಲ. ತೀರಾ ಹೆಚ್ಚಾಗಿ, ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನೂ ಹೋಗುತ್ತದೆ.

ಇದಕ್ಕೆ ಪರಿಹಾರ ಅಂತ ಊರೂರಿಗೆ ಶುದ್ಧ ನೀರಿನ ಘಟಕ ಬಂತು. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಒಳ್ಳೆಯದೇ. ಆದರೆ ಆ ಯಂತ್ರ ಒಂದಿಷ್ಟು ನೀರನ್ನು ಚೊಕ್ಕ ಮಾಡಿ, ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿ ಮಾಡಿ ಚರಂಡಿಗೆ ಬಿಡುತ್ತದೆ. ಅದು ಮತ್ತೆ ಅದೇ ನೆಲಕ್ಕೆ. ಘಟಕಕ್ಕೆ ನೀರು ಸಾಲದೆ ಇನ್ನೊಂದು ಬೋರ್.

ನನ್ನ ತಕರಾರು ಯಂತ್ರದ ಮೇಲಲ್ಲ. ಬೋರ್ ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರನ್ನು ಕರೆಸುತ್ತೇವೆ. ಪೂಜೆ ಮಾಡಿ ಲಕ್ಷಾಂತರ ರೂಪಾಯಿಯ ರಿಗ್ ನಿಲ್ಲಿಸುತ್ತೇವೆ. ನೀರು ಬಿದ್ದ ಮೇಲೆ ಇಡೀ ಊರು ಬಂದು "ಎಷ್ಟು ಇಂಚು?" ಅಂತ ಕೇಳುತ್ತದೆ. ಆ ನೀರಲ್ಲಿ ಏನಿದೆ ಅಂತ ಒಬ್ಬರೂ ಕೇಳುವುದಿಲ್ಲ. ವಿಜ್ಞಾನದ ಸಾಮಾನು ನಮ್ಮ ಮನೆಗೆ ಬಂತು, ಪ್ರಶ್ನೆ ಕೇಳುವ ರೂಢಿ ಬರಲಿಲ್ಲ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಕರ್ತವ್ಯ ಅಂತ 1976ರಲ್ಲೇ ಸಂವಿಧಾನಕ್ಕೆ ಸೇರಿಸಿದರು. ನಾವು ಅದನ್ನು ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಮಾಡಿಟ್ಟಿದ್ದೇವೆ.

ನೀವೇನಂತೀರಿ?

ಹಿರಿಯೂರಿನವ, ಸದ್ಯ ಬೆಂಗಳೂರು

ಮೇಷ್ಟ್ರೇ, ನಮಸ್ಕಾರ. ಅರ್ಧ ಒಪ್ಪಿದೆ, ಅರ್ಧ ಒಪ್ಪುವುದಿಲ್ಲ.

ಹಿಂದಿನದೆಲ್ಲ ಚೆನ್ನಾಗಿತ್ತು ಅನ್ನುವ ಧಾಟಿ ನನಗೆ ಹಿಡಿಸುವುದಿಲ್ಲ. ಕೆರೆ ನೀರು ಕುಡಿದ ಕಾಲದಲ್ಲಿ ಕಾಲರಾ ಇತ್ತು, ನಾರುಹುಣ್ಣು ಇತ್ತು. ನಾರುಹುಣ್ಣು ಹೋದದ್ದರಲ್ಲಿ, ಕಾಲರಾ ಕಡಿಮೆಯಾದದ್ದರಲ್ಲಿ ಬೋರ್‌ನ ಪಾಲೂ ಇದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ನಮ್ಮ ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷ ಆದ ಮೇಲೆ. ಆ ವರ್ಷ ಮಳೆ ಚೆನ್ನಾಗಾಯಿತು ನಿಜ. ಆದರೆ ಅದಕ್ಕೂ ಮುಂಚಿನಿಂದ ಭದ್ರಾ ನೀರನ್ನು ಪಂಪ್ ಮಾಡಿ ಈ ಕಡೆ ಹರಿಸುತ್ತಿದ್ದರು. ಪಂಪು, ಸುರಂಗ, ಕಾಲುವೆ, ಎಲ್ಲ ಎಂಜಿನಿಯರಿಂಗ್. ನಮ್ಮೂರಲ್ಲಿ ಎಲ್ಲರೂ ಕಣಿವೆ ಮಾರಮ್ಮನ ದಯೆ ಎಂದರು. ನಾನೂ ಕೈ ಮುಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಪಂಪಿನ ಹೆಸರು ಹೇಳಿದವರು ಕಡಿಮೆ.

ವಿಜ್ಞಾನ ಕೆಟ್ಟದ್ದು ಮಾಡಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳ್ಳೆಯದು ಮಾಡಿದರೆ ಅದನ್ನು ದೇವರ ಖಾತೆಗೆ ಜಮಾ ಮಾಡುತ್ತೇವೆ. ಇದೂ ಒಂದು ವಿರೋಧಾಭಾಸ ಅಲ್ವಾ?

ಅಡಿಕೆ ತೋಟ, ಚನ್ನಗಿರಿ

ನಮ್ಮ ಕಡೆದು ಕೇಳಿ. ನೀರು ಉಳಿಸಿ ಅಂತ ಡ್ರಿಪ್‌ಗೆ ಸಬ್ಸಿಡಿ ಕೊಟ್ಟರು. ಎಲ್ಲರೂ ಹಾಕಿಸಿದೆವು. ನೀರು ನಿಜವಾಗಿಯೂ ಉಳಿಯಿತು. ಉಳಿದ ನೀರಿಗೆ ಏನು ಮಾಡಿದೆವು? ಭತ್ತ, ಜೋಳ ಬಿಟ್ಟು ಇನ್ನೆರಡು ಎಕರೆ ಅಡಿಕೆ ಇಟ್ಟೆವು. ಪಕ್ಕದವನು ನೋಡಿದ, ಅವನೂ ಇಟ್ಟ. 2024ರ ಬೇಸಿಗೆಯಲ್ಲಿ ಬೋರ್ ಬತ್ತಿದಾಗ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಂಡವರು ನಮ್ಮ ಸುತ್ತಮುತ್ತ ಬಹಳ ಜನ. ಶಾಂತಿಸಾಗರದಂಥ ಕೆರೆ ಇರುವ ತಾಲ್ಲೂಕು ಇದು, ನೆನಪಿರಲಿ.

ನೀರು ಉಳಿಸುವ ಪೈಪು ಬಂದ ಮೇಲೆ ನೀರಿಗೆ ಬರ ಜಾಸ್ತಿ ಆಯಿತು. ಇದನ್ನು ಯಾರಾದರೂ ಬಿಡಿಸಿ ಹೇಳಿ. ರೈತರಿಗೆ ದುರಾಸೆ ಅಂತ ಮಾತ್ರ ಹೇಳಬೇಡಿ. ಅಡಿಕೆಗೆ ಬರುವ ರೇಟು ಜೋಳಕ್ಕೆ ಬಂದರೆ ನಾಳೆಯೇ ಜೋಳ ಬಿತ್ತುತ್ತೇನೆ.

ದುರ್ಗದ ಮೇಷ್ಟ್ರು, ಚಳ್ಳಕೆರೆ ತಾಲ್ಲೂಕು

ಹಿರಿಯೂರಿನ ತಮ್ಮ, ನಾರುಹುಣ್ಣಿನ ಮಾತು ಸರಿ. ಸೇರಿಸಬೇಕಾದದ್ದೇ.

ಚನ್ನಗಿರಿಯವರೇ, ನಿಮ್ಮ ಅನುಭವವನ್ನು 1865ರಲ್ಲೇ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಕಲ್ಲಿದ್ದಲಿನ ವಿಷಯದಲ್ಲಿ ಹೇಳಿದ್ದರು. ಕಡಿಮೆ ಕಲ್ಲಿದ್ದಲು ತಿನ್ನುವ ಎಂಜಿನ್ ಬಂದಾಗ ದೇಶದ ಕಲ್ಲಿದ್ದಲು ಉಳಿಯುತ್ತದೆ ಅಂದುಕೊಂಡರು. ಆದದ್ದು ತಿರುಗಾಮುರುಗಾ. ಎಂಜಿನ್ ಓಡಿಸುವುದು ಅಗ್ಗವಾಯಿತು, ಅಗ್ಗವಾದ್ದರಿಂದ ಎಲ್ಲ ಕಡೆ ಎಂಜಿನ್ ಇಟ್ಟರು, ಒಟ್ಟು ಕಲ್ಲಿದ್ದಲು ಇನ್ನೂ ಜಾಸ್ತಿ ಉರಿಯಿತು. ಡ್ರಿಪ್ ಉಳಿಸುವುದು ಒಂದು ಗಿಡದ ನೀರು. ಊರಿನ ನೀರು ಉಳಿಯಬೇಕಾದರೆ ಎಷ್ಟು ಗಿಡ ಅನ್ನುವುದನ್ನು ಊರು ಕೂತು ಮಾತಾಡಬೇಕು. ಆ ಮಾತಿಗೆ ಸಬ್ಸಿಡಿ ಇಲ್ಲ.

ಕಿಲಾರಿ ಮೊಮ್ಮಗ

ಸರ್, ಕಾವಲಿನ ಹೆಸರು ಎತ್ತಿದಿರಿ. ಅದರ ಬಗ್ಗೆ ಎರಡು ಮಾತು.

ನಾವು ಮ್ಯಾಸನಾಯಕರು. ನಮ್ಮಲ್ಲಿ ದೇವರ ಎತ್ತುಗಳು ಅಂತ ಇರುತ್ತವೆ. ಅವನ್ನು ಉಳುಮೆಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವವರೇ ಕಿಲಾರಿಗಳು. ನಮ್ಮ ತಾತ ಬದುಕಿಡೀ ಅದೇ ಕೆಲಸ ಮಾಡಿದವರು. ಎತ್ತು ಮೇಯುತ್ತಿದ್ದದ್ದು ಅಮೃತಮಹಲ್ ಕಾವಲಿನಲ್ಲಿ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದ ಅರಮನೆಯ ದನಗಳ ಇಲಾಖೆಯನ್ನು ಟಿಪ್ಪು ಅಮೃತಮಹಲ್ ಅಂತ ಮಾಡಿದ. ದಾವಣಗೆರೆಯವರು ಬೆಣ್ಣೆ ಅಂದ ತಕ್ಷಣ ದೋಸೆ ಕಡೆ ಹೋಗಬೇಡಿ.

ಆ ಕಾವಲು ನೇಗಿಲು ಕಾಣದ ನೆಲ. ಹುಲ್ಲು, ಕೃಷ್ಣಮೃಗ, ತೋಳ, ಕುರಿ ಮಂದೆ, ಕಂಬಳಿ ನೇಯುವವರ ಉಣ್ಣೆ, ಎಲ್ಲ ಅದರ ಮೇಲೆ. ಅದನ್ನು ಇಷ್ಟು ವರ್ಷ ಉಳಿಸಿದ್ದು ಯಾವ ಪರಿಸರ ಇಲಾಖೆಯೂ ಅಲ್ಲ. "ದೇವರ ಎತ್ತಿನ ಹುಲ್ಲು, ಉಳಬಾರದು" ಅನ್ನುವ ನಂಬಿಕೆಯೂ ಉಳಿಸಿತು. ಓದಿದವರು ಅದನ್ನು ಮೂಢನಂಬಿಕೆ ಎನ್ನಬಹುದು. ಆಮೇಲೆ ಸುಮಾರು 10,000 ಎಕರೆ ಬೇರೆ ಬೇರೆ ಸಂಸ್ಥೆಗಳಿಗೆ ಹೋಯಿತು, ಗೋಡೆ ಎದ್ದಿತು. ಕೇಸು ಹಸಿರು ನ್ಯಾಯಮಂಡಳಿ ತನಕ ಹೋಯಿತು. ಅಂದರೆ ನಂಬಿಕೆ ಹುಲ್ಲು ಉಳಿಸಿತ್ತು, ವಿಜ್ಞಾನದ ಹೆಸರಲ್ಲಿ ಅದಕ್ಕೆ ಬೇಲಿ ಬಿತ್ತು. ಮೇಷ್ಟ್ರು ಹೇಳುವ ಪ್ರಶ್ನೆ ಕೇಳುವ ರೂಢಿ ಆಗ ಎಲ್ಲಿತ್ತು? ನಮ್ಮನ್ನು ಯಾರು ಕೇಳಿದರು?

ಹಾಗಂತ ಪುಷ್ಪಕ ಹಾರಿದ್ದು ನನಗೆ ಬೇಜಾರಲ್ಲ. ಮಾಳಿಗೆ ಹತ್ತಿ ನೋಡಿದವರಲ್ಲಿ ನಾನೂ ಒಬ್ಬ.

ನಮ್ಮವರದ್ದೂ ತಪ್ಪಿದೆ. ದೇವರ ಎತ್ತಿಗೆ ಮೇವು ಇಲ್ಲ ಅಂದರೆ ಈಗ ಕ್ಯೂಆರ್ ಕೋಡ್ ಕಳಿಸುತ್ತಾರೆ. ಹೊರಗಿರುವವರು ಐನೂರು, ಸಾವಿರ ಹಾಕುತ್ತಾರೆ, ಎತ್ತಿನ ವಿಡಿಯೋಗೆ ಕೈ ಮುಗಿಯುತ್ತಾರೆ. ಎತ್ತಿನ ಹಿಂದೆ ನಡೆಯುವುದಕ್ಕೆ ಜನ ಇಲ್ಲ. ಕಿಲಾರಿ ಹುಡುಗ ಅಂದರೆ ಹೆಣ್ಣು ಕೊಡುವುದಿಲ್ಲ. ಭಕ್ತಿ ಜಾಸ್ತಿ ಆಗಿದೆ, ಕಿಲಾರಿಗಳು ಕಡಿಮೆ ಆಗಿದ್ದಾರೆ.

ಹಿರಿಯೂರಿನವ, ಸದ್ಯ ಬೆಂಗಳೂರು

ಅಣ್ಣ, ದೇಶಕ್ಕೆ ಇಂಥ ಜಾಗ ಬೇಕಲ್ಲ. ಜನವಸತಿ ಕಡಿಮೆ, ಆಕಾಶ ಖಾಲಿ, ನೆಲ ಸಮತಟ್ಟು. ಎಲ್ಲಿ ಹೋಗಬೇಕು?

ಕಿಲಾರಿ ಮೊಮ್ಮಗ

ಜಾಗ ಬೇಡ ಅಂದೆನಾ? ಕಾಗದದಲ್ಲಿ ಖಾಲಿ ಜಾಗ ಅಂತ ಬರೆದರಲ್ಲ, ಅದಕ್ಕೆ ಹೇಳಿದೆ. ಖಾಲಿ ಇರಲಿಲ್ಲ.

ಸಿರಿಗೆರೆ ಕಡೆಯವ

ಮಾಹಿತಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ನಮ್ಮ ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ಸಂಸ್ಕೃತ ವ್ಯಾಕರಣಕ್ಕೆ ಗಣಕಾಷ್ಟಾಧ್ಯಾಯಿ ಎಂಬ ತಂತ್ರಾಂಶ ಮಾಡಿದವರು. ವಚನಗಳನ್ನು ಫೋನಿನಲ್ಲೇ ಹುಡುಕಿ ಓದುವ ಹಾಗೆ ಆ್ಯಪ್ ಮಾಡಿಸಿದರು. ಒಂದು ಪದ ಹಾಕಿದರೆ ಯಾವ ಶರಣರ ಯಾವ ವಚನದಲ್ಲಿದೆ ಅಂತ ಬರುತ್ತದೆ. ನೂರು ವರ್ಷದ ಹಿಂದೆ ಫ.ಗು. ಹಳಕಟ್ಟಿಯವರು ಇದೇ ವಚನಗಳಿಗಾಗಿ ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿದರು. ಕೆಲವು ಮನೆಯಲ್ಲಿ ಗರಿಗಳನ್ನು ಜಗಲಿ ಮೇಲಿಟ್ಟು ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ.

ಈಗ ಎಲ್ಲರ ಜೇಬಿನಲ್ಲೂ ವಚನ ಇದೆ. ಹಾಗಾದರೆ ಸುಳ್ಳು ವಚನ ಕಡಿಮೆ ಆಗಬೇಕಿತ್ತು ತಾನೇ? ಬೆಳಗಾದರೆ ವಾಟ್ಸಾಪ್‌ನಲ್ಲಿ ಒಂದು ಹೂವಿನ ಚಿತ್ರ, ಕೆಳಗೆ ಯಾರೋ ಬರೆದ ಬುದ್ಧಿಮಾತು, ಕೊನೆಗೆ "ಕೂಡಲಸಂಗಮದೇವ" ಅಂತ ಅಂಟಿಸಿರುತ್ತಾರೆ. ಹನ್ನೆರಡನೇ ಶತಮಾನದ ಬಸವಣ್ಣ ಅದರಲ್ಲಿ "ಟೆನ್ಶನ್" ಬಗ್ಗೆ ಮಾತಾಡುತ್ತಾರೆ! ಅದೇ ಫೋನಿನಲ್ಲಿ ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಕಳಿಸಿದ ದೊಡ್ಡಪ್ಪನನ್ನು ಕೇಳಿದೆ, "ಅಪ್ಪಾಜಿ, ಇದು ಬಸವಣ್ಣನವರದ್ದಲ್ಲ." ಅವರು ಅಂದರು: "ಇರಲಿ ಬಿಡಪ್ಪ, ಒಳ್ಳೆ ಮಾತಲ್ವಾ?"

ಒಳ್ಳೆ ಮಾತು ಸುಳ್ಳು ಹೆಸರಲ್ಲಿ ಬಂದರೆ ಪರವಾಗಿಲ್ಲ ಅನ್ನುವವರಿಗೆ, ಕೆಟ್ಟ ಮಾತು ಅದೇ ದಾರಿಯಲ್ಲಿ ಬಂದಾಗ ತಡೆಯುವುದು ಹೇಗೆ ಗೊತ್ತಾಗುತ್ತದೆ? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಫಾರ್ವರ್ಡ್ ಆದ ಸುಳ್ಳಿಗೆ ಬೀದರ್ ಜಿಲ್ಲೆಯಲ್ಲಿ ಒಬ್ಬ ಎಂಜಿನಿಯರ್‌ನ ಪ್ರಾಣ ಹೋಯಿತು. ದೇಶದ ಬೇರೆ ಕಡೆಯೂ ಹೀಗೇ ಆದವು. ಆ ಜುಲೈನಲ್ಲೇ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕಿತು. ನಮ್ಮ ವಿವೇಕದ ಕೆಲಸವನ್ನು ಕಂಪನಿಯ ಬಟನ್‌ಗೆ ವಹಿಸಿದ ಹಾಗಾಯಿತು.

ಅಧ್ಯಾತ್ಮದ್ದೂ ಅದೇ ಕಥೆ. "ಮಾಡಿದಷ್ಟು ನೀಡು ಭಿಕ್ಷೆ" ಎಂದ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜನರನ್ನು ಕಟ್ಟಿಕೊಂಡು ಕೆರೆ ಕಟ್ಟಿಸಿದವರು. ಅವರ ಜಾತ್ರೆಯಲ್ಲಿ ತೇರಿನ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತದೆ. ಹರಾಜಿಗೆ ನನ್ನ ವಿರೋಧ ಇಲ್ಲ. ಆದರೆ ಕೆರೆ ಹೂಳೆತ್ತುವುದಕ್ಕೆ ಅಷ್ಟು ಪೈಪೋಟಿ ನಾನು ಕಂಡಿಲ್ಲ.

ಸುಮ್ನೆ ಓದುವವ

ಈ ಚರ್ಚೆಯನ್ನು ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಕೆಳಗೆ "ಬಸವಣ್ಣ" ಅಂತ ಬರೆದಿದ್ದೇನೆ. ಇಲ್ಲದಿದ್ದರೆ ಯಾರೂ ಓದುವುದಿಲ್ಲ.

ಲ್ಯಾಬ್ ಅಕ್ಕ, ದಾವಣಗೆರೆ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಜನ ಪ್ರಶ್ನೆ ಕೇಳುವುದಿಲ್ಲ ಅಂದಿರಲ್ಲ, ಕೇಳಿದರೆ ಏನಾಗುತ್ತದೆ ಅಂತ ನೋಡಿದ್ದೀರಾ?

ನಾನು ಲ್ಯಾಬ್ ಟೆಕ್ನಿಶಿಯನ್. ನಮ್ಮ ದಾವಣಗೆರೆಗೆ ಸುತ್ತ ಐದಾರು ಜಿಲ್ಲೆಯಿಂದ ರೋಗಿಗಳು ಬರುತ್ತಾರೆ. ಮೂತ್ರ, ಕಫ ಕಲ್ಚರ್ ಮಾಡುತ್ತೇವೆ, ಅಂದರೆ ಅದರಲ್ಲಿರುವ ಕ್ರಿಮಿಯನ್ನು ಬೆಳೆಸಿ ನೋಡುತ್ತೇವೆ. ಯಾವ ಆ್ಯಂಟಿಬಯೋಟಿಕ್‌ಗೆ ಕ್ರಿಮಿ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಅಂತ ರಿಪೋರ್ಟಿನಲ್ಲಿ ಎಸ್, ಆರ್ ಅಂತ ಬರುತ್ತದೆ. ಎಸ್ ಅಂದರೆ ಔಷಧ ಕೆಲಸ ಮಾಡುತ್ತದೆ, ಆರ್ ಅಂದರೆ ಕ್ರಿಮಿ ಬಗ್ಗುವುದಿಲ್ಲ. ಕೆಲವು ರಿಪೋರ್ಟಿನಲ್ಲಿ ಮೇಲಿಂದ ಕೆಳಗೆ ಬರೀ ಆರ್. ಎದುರಿಗೆ ಕೂತವರಿಗೆ ಏನು ಹೇಳಬೇಕು ಅಂತ ತೋಚುವುದಿಲ್ಲ.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಕಡಿಮೆ ಡೋಸ್ ತೆಗೆದುಕೊಂಡರೆ ಕ್ರಿಮಿಗಳು ಔಷಧಕ್ಕೆ ಒಗ್ಗಿಕೊಳ್ಳುತ್ತವೆ ಅಂತ. ಔಷಧ ಕೊಟ್ಟವರೇ ಅದರ ಅಪಾಯವನ್ನೂ ಹೇಳಿದ್ದರು. ಔಷಧ ಮಾತ್ರ ಎಲ್ಲ ಹಳ್ಳಿಯ ಅಂಗಡಿಗೂ ಬಂತು. ಎಚ್ಚರಿಕೆ ಬರಲಿಲ್ಲ. ನೆಗಡಿಗೂ ಒಂದು ಸೂಜಿ, ಎರಡು ದಿನದ ಮಾತ್ರೆ. ಜ್ವರ ಇಳಿದರೆ ಉಳಿದ ಮಾತ್ರೆ ಗೋಡೆ ಗೂಡಿನಲ್ಲಿ.

ಇದು ರೋಗಿಯ ತಪ್ಪಾ? ಒಬ್ಬ ಹೆಂಗಸು ಹೋಗಿ "ಡಾಕ್ಟ್ರೇ, ಈ ಮಾತ್ರೆ ಯಾಕೆ?" ಅಂತ ಕೇಳಲಿ ನೋಡೋಣ. "ನೀನು ಡಾಕ್ಟರಾ, ನಾನು ಡಾಕ್ಟರಾ?" ಅನ್ನಿಸಿಕೊಂಡು ಬಂದವರು ಎಷ್ಟು ಜನ ನನ್ನ ಮುಂದೆ ಕಣ್ಣು ಒರೆಸಿಕೊಂಡಿದ್ದಾರೆ. ಸ್ವಾಮಿಗಳನ್ನು ಕೇಳಿದರೆ ಅಧಿಕಪ್ರಸಂಗ. ಪಂಚಾಯ್ತಿಯಲ್ಲಿ ಕೇಳಿದರೆ "ನಿಮ್ಮ ಯಜಮಾನರನ್ನು ಕಳಿಸಿ." ಸ್ಕೂಲಿನಲ್ಲಿ ಕೇಳಿದರೆ, ಬೇಜಾರು ಮಾಡಿಕೊಳ್ಳಬೇಡಿ, "ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ." ಪ್ರಶ್ನೆ ಕೇಳುವ ರೂಢಿ ಬರಲಿಲ್ಲ ಅನ್ನುತ್ತೀರಿ. ಮೂರು ವರ್ಷದ ಮಗು ನೂರು ಕೇಳುತ್ತದೆ. ನಾವು ಒಂದೊಂದಾಗಿ ಬಾಯಿ ಮುಚ್ಚಿಸುತ್ತೇವೆ.

ಇನ್ನೊಂದು. ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಇವತ್ತಿಗೂ ಹೊರಗೆ ಕೂರಿಸುತ್ತಾರೆ. ಹೀಗೆ ಹೊರಗಿಡುವುದನ್ನು ತಡೆಯುವ ರಾಜ್ಯದ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಹೊರಗೆ ಕೂತ ಆ ಹುಡುಗಿಯ ಕೈಯಲ್ಲೂ ಸ್ಮಾರ್ಟ್‌ಫೋನ್ ಇರುತ್ತದೆ. ಮುಟ್ಟು ಅಂದರೆ ಏನು ಅಂತ ಅವಳಿಗೆ ನಿಮ್ಮ ಪಾಠಕ್ಕಿಂತ ಚೆನ್ನಾಗಿ ಗೊತ್ತು. ಮಾಹಿತಿ ಕೊರತೆ ಅಲ್ಲ ಅದು. "ಯಾಕೆ?" ಅಂದರೆ ಅಮ್ಮ, ಅಜ್ಜಿ, ಊರು ಎಲ್ಲ ಒಂದಾಗಿ ನಿಲ್ಲುತ್ತಾರೆ ಅನ್ನುವ ಹೆದರಿಕೆ. ನೆಟ್‌ವರ್ಕ್ ಸಿಕ್ಕಿತು, ಬೆನ್ನಿಗೆ ನಿಲ್ಲುವವರು ಸಿಗಲಿಲ್ಲ.

ಅಡಿಕೆ ತೋಟ, ಚನ್ನಗಿರಿ

ಅಕ್ಕ, ಕೈ ಮುಗಿದೆ.

ದುರ್ಗದ ಮೇಷ್ಟ್ರು, ಚಳ್ಳಕೆರೆ ತಾಲ್ಲೂಕು

ಅಕ್ಕ ಹೇಳಿದ್ದು ನನ್ನ ಮಾತಿಗಿಂತ ಒಂದು ಹೆಜ್ಜೆ ಮುಂದಿದೆ. ಅದಕ್ಕೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಕೊಡುತ್ತೇನೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರೂ ಕಡೆ ಅಶೋಕನ ಬಂಡೆ ಶಾಸನ ಇದೆ. 2,200 ವರ್ಷಕ್ಕೂ ಹಳೆಯದು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಗುರುವನ್ನು ಗೌರವಿಸಿ ಅಂತ ಬರೆಸಿದ್ದಾನೆ. ಒಳ್ಳೆಯ ಮಾಹಿತಿ, ಗಟ್ಟಿ ಕಲ್ಲಿನ ಮೇಲೆ. ಆದರೆ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬಂದದ್ದು ಅಧಿಕಾರಿಗಳ ಮೂಲಕ. ಕಾಲ ಕಳೆದ ಹಾಗೆ ಓದುವವರೇ ಇಲ್ಲವಾದರು. ಬಂಡೆಗೆ ಅಕ್ಷರಗುಂಡು ಅಂತ ಹೆಸರಿಟ್ಟು ಸುತ್ತ ಕುರಿ ಮೇಯಿಸಿದರು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬಂದು ಗುರುತಿಸುವ ತನಕ ಅದು ಏನು ಅಂತ ಜಗತ್ತಿಗೆ ಗೊತ್ತಿರಲಿಲ್ಲ.

ಈಗ ನಮ್ಮ ನೀರಿನ ರಿಪೋರ್ಟ್ ನೋಡಿ. ಜಲಜೀವನ್ ಮಿಷನ್ 2019ರಲ್ಲಿ ಶುರುವಾಯಿತು. ಪ್ರತಿ ಹಳ್ಳಿಯಲ್ಲಿ 5 ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಕಿಟ್‌ನಿಂದ ನೀರು ಪರೀಕ್ಷೆ ಮಾಡಿಸಬೇಕು ಅಂತ ಯೋಜನೆಯಲ್ಲೇ ಇದೆ. ಫಲಿತಾಂಶ ವೆಬ್‌ಸೈಟಿಗೆ ಹೋಗುತ್ತದೆ. ಎಲ್ಲ ಇಂಗ್ಲಿಷ್, ಎಲ್ಲ ಅಂಕಿ. ನಮ್ಮ ಹಟ್ಟಿಯ ಅಜ್ಜಿಗೆ ಅದೂ ಅಕ್ಷರಗುಂಡೇ. ನೀರಿನ ಟ್ಯಾಂಕಿನ ಮೇಲೆ ದಾನಿಗಳ ಹೆಸರು, ಉದ್ಘಾಟಕರ ಹೆಸರು ಆಳೆತ್ತರ ಬರೆಸುತ್ತೇವೆ. ಅದರ ಕೆಳಗೆ "ಈ ನೀರಲ್ಲಿ ಫ್ಲೋರೈಡ್ ಇಷ್ಟು" ಅಂತ ಕನ್ನಡದಲ್ಲಿ ಒಂದು ಸಾಲು ಬರೆಸಲು ಎಷ್ಟು ಬಣ್ಣ ಬೇಕು?

ಹಿರಿಯೂರಿನವ, ಸದ್ಯ ಬೆಂಗಳೂರು

ಒಂದು ಕೊನೆ ತಕರಾರು. ರಾಕೆಟ್ ಹಾರಿಸುವ ಮುಂಚೆ ಅದರ ಮಾದರಿ ಹಿಡಿದು ತಿರುಪತಿಗೆ ಹೋಗುತ್ತಾರಲ್ಲ, ಅದರ ಬಗ್ಗೆ ಮೇಷ್ಟ್ರು ಏನೂ ಹೇಳಲಿಲ್ಲ. ದೊಡ್ಡವರೇ ಹಾಗೆ ಮಾಡಿದರೆ ತೆಂಗಿನಕಾಯಿ ಹಿಡಿದವನನ್ನು ಯಾಕೆ ಬೈಯುವುದು?

ದುರ್ಗದ ಮೇಷ್ಟ್ರು, ಚಳ್ಳಕೆರೆ ತಾಲ್ಲೂಕು

ಅವರು ಕೈ ಮುಗಿದರೂ ಲೆಕ್ಕ ಬಿಡುವುದಿಲ್ಲ. ಒಂದೊಂದು ಭಾಗವನ್ನೂ ಪರೀಕ್ಷೆ ಮಾಡಿ, ಕೆಟ್ಟರೆ ಯಾಕೆ ಕೆಟ್ಟಿತು ಅಂತ ಹುಡುಕಿ, ಆಮೇಲೆ ಹೋಗುತ್ತಾರೆ. ನಮ್ಮ ತೆಂಗಿನಕಾಯಿಯವರ ಪಾಯಿಂಟ್ ಫೇಲಾದಾಗ ಲೆಕ್ಕ ಇಟ್ಟವರು ಯಾರು? ನೀರು ಬಿದ್ದದ್ದು ಮಾತ್ರ ಕಥೆಯಾಗುತ್ತದೆ. ಬೈದಿಲ್ಲ ತಮ್ಮ, ಲೆಕ್ಕ ಕೇಳಿದೆ ಅಷ್ಟೆ.

ಸುಮ್ನೆ ಓದುವವ

ಸರಿ, ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಜಗಳೂರು ಕಡೆ ನಮ್ಮ ಊರು. ಬೋರ್ ನೀರನ್ನೇ ಕುದಿಸಿ ಮಗುವಿಗೆ ಕೊಡುತ್ತೇವೆ. ಕುದಿಸಿದರೆ ಸಾಕಲ್ವಾ?

ಲ್ಯಾಬ್ ಅಕ್ಕ, ದಾವಣಗೆರೆ

ಸಾಲದು ತಮ್ಮ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಮೊದಲು ಪರೀಕ್ಷೆ ಮಾಡಿಸು, ಜಾಸ್ತಿ ಇದೆಯೋ ಇಲ್ಲವೋ ಗೊತ್ತಾಗಲಿ. ಪಂಚಾಯ್ತಿಯಲ್ಲಿ ಕಿಟ್ ಯಾರ ಹತ್ತಿರ ಇದೆ ಕೇಳು. ಇಲ್ಲದಿದ್ದರೆ ಗ್ರಾಮೀಣ ನೀರು ಸರಬರಾಜು ಇಲಾಖೆಯ ಲ್ಯಾಬ್‌ಗೆ ಕೊಡು. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿಗೆ ಹಿಡಿಯುತ್ತದೆ. ತೊಳೆದ ಪ್ಲಾಸ್ಟಿಕ್ ಬಾಟಲಿ, ಅದೇ ನೀರಲ್ಲಿ ಎರಡು ಸಲ ಜಾಲಿಸಿ ತುಂಬಿಸು. ಮೇಲೆ ಊರು, ಬೋರ್ ಯಾವುದು, ತಾರೀಕು ಬರೆ. ಮಳೆಗಾಲದಲ್ಲಿ ಮಾಳಿಗೆ ನೀರು ಹಿಡಿದಿಡಲು ಆಗುತ್ತದಾ ನೋಡು, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಸುಮ್ನೆ ಓದುವವ

ಕಿಟ್ ಇಲ್ಲ ಅಂದರೆ?

ಲ್ಯಾಬ್ ಅಕ್ಕ, ದಾವಣಗೆರೆ

ಇಲ್ಲ ಅಂತ ಬರೆದುಕೊಡಿ ಅನ್ನು. ಬಹಳ ಕಡೆ ಆ ಮಾತಿಗೆ ಕಿಟ್ ಸಿಗುತ್ತದೆ. ಒಬ್ಬನೇ ಹೋಗಬೇಡ, ಪಕ್ಕದ ಮನೆಯ ಅಮ್ಮಂದಿರನ್ನೂ ಕರೆದುಕೊಂಡು ಹೋಗು.

ಕಿಲಾರಿ ಮೊಮ್ಮಗ

ನಮ್ಮ ಹಟ್ಟಿಯ ಬೋರ್ ನೀರನ್ನೂ ಮಾಡಿಸುತ್ತೇನೆ. ಮೇಷ್ಟ್ರೇ, ನಿಮ್ಮ ಶಾಲೆಯ ಹುಡುಗರನ್ನು ಕಳಿಸುತ್ತೀರಾ? ಎತ್ತುಗಳು ಕುಡಿಯುವ ತೊಟ್ಟಿಯದ್ದೂ ನೋಡಬೇಕು.

ದುರ್ಗದ ಮೇಷ್ಟ್ರು, ಚಳ್ಳಕೆರೆ ತಾಲ್ಲೂಕು

ಕಳಿಸುತ್ತೇನೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಬರುತ್ತಾರೆ. ಹುಡುಗಿಯರೂ ಬರುತ್ತಾರೆ, ನಿಮ್ಮ ಹಿರಿಯರಿಗೆ ಮೊದಲೇ ಹೇಳಿಟ್ಟಿರಿ.